ಹಾಲು ತರದ ಮಗ

ಜನವರಿ 17

ಅಮ್ಮ ಬೇಡ ಎಂದಳು. ಹಾವು ಎಂಬ ಮಾತು ನನ್ನ ಬಾಯಿಂದ ಇನ್ನೂ ಹೊರಗೆ ಬಿದ್ದಿರಲಿಲ್ಲ. "ಅಮ್ಮಾ, ಸ್ಕೂಲಿಂದ ಒಂದು..." ಎಂದಿದ್ದೆ, ಅಷ್ಟೇ.

"ಬೇಡ."

"ಏನು ಅಂತಾನೂ ಕೇಳ್ಲಿಲ್ಲ ನೀನು."

"ಮುಖ ನೋಡಿದ್ರೆ ಗೊತ್ತಾಗಲ್ವಾ? ಚಿಕ್ಕೋನಿದ್ದಾಗ ಮುಳ್ಳುಹಂದಿ ಎತ್ಕೊಂಡು ಬಂದಿದ್ದೆಯಲ್ಲ, ಅವತ್ತೂ ಇದೇ ಮುಖ."

ನನಗೀಗ ಮೂವತ್ತೊಂಬತ್ತು. ತಾಲ್ದಿಕೊರ್ಗಾನ್ ಊರಿನ ಶಾಲೆಯೊಂದರಲ್ಲಿ ಭೂಗೋಳ ಕಲಿಸುತ್ತೇನೆ. ನಾನು ಒಳಗೆ ಬಂದರೆ ತರಗತಿಗೆ ತರಗತಿಯೇ ಎದ್ದು ನಿಲ್ಲುತ್ತದೆ. ಆದರೆ ಮನೆಗೊಂದು ಹಾವು ತರಲು ಅಮ್ಮನ ಅಪ್ಪಣೆ ಬೇಕು. ಬೇರೆ ಮನೆ ಮಾಡಯ್ಯ ಎಂದು ಜೀವಶಾಸ್ತ್ರದ ಇಸಾತಾಯ್ ಮೇಷ್ಟ್ರು ಸಲೀಸಾಗಿ ಹೇಳಿಬಿಟ್ಟರು. ಅವರಿಗೇನು, ಹಿರಿಮಗ. ನಮ್ಮ ಕಜಾಕರಲ್ಲಿ ಹೆತ್ತವರ ಮನೆ ಕಿರಿಮಗನಿಗೆ ಅಂಟಿಕೊಂಡೇ ಬರುತ್ತದೆ, ಅಮ್ಮನ ಸಮೇತ. ಹಾಗೆ ನೋಡಿದರೆ ಐದನೇ ಮಹಡಿಯ ಈ ಮನೆ ನನ್ನದೇ. ಅದನ್ನು ಅಮ್ಮನ ಮುಂದೆ ನಿಂತು ಹೇಳುವವರು ಯಾರು?

ಶಾಲೆಯ ಪ್ರಾಣಿಮೂಲೆಯನ್ನು ಮುಚ್ಚಬೇಕೆಂದು ಮೇಲಿನಿಂದ ಆದೇಶ ಬಂದಿದೆ. ಬಿಳಿ ಇಲಿಗಳನ್ನು ಮಕ್ಕಳು ಹಂಚಿಕೊಂಡರು. ಗಿಳಿ ಹೆಡ್‌ಮೇಷ್ಟ್ರ ಮನೆಗೆ ಹೋಯಿತು. ಆಮೆಯನ್ನು ಅಡುಗೆಯವಳು ಒಯ್ದಳು, ಸಾಕುವುದಕ್ಕೆ ಎಂದೇ ನಾವೆಲ್ಲ ನಂಬಿದ್ದೇವೆ. ಉಳಿದದ್ದು ಲಾಡಿ. ಕಿತ್ತಳೆ ಬಣ್ಣದ, ವಿಷವಿಲ್ಲದ, ನನ್ನ ತೋಳಿಗಿಂತ ಒಂದಿಷ್ಟು ಉದ್ದವಾದ ಹಾವು. ಆ ಹೆಸರಿಟ್ಟವರು ಆರನೇ ತರಗತಿಯ ಮಕ್ಕಳು. ಸೋಮವಾರದೊಳಗೆ ಯಾರೂ ಒಯ್ಯದಿದ್ದರೆ ಊರೂರು ಸುತ್ತುವ ಪ್ರದರ್ಶನದವನು ಬಂದು ತೆಗೆದುಕೊಂಡು ಹೋಗುತ್ತಾನಂತೆ. ಸಂತೆಯಲ್ಲಿ ನಿಂತು ಕಂಡಕಂಡವರ ಕೊರಳಿಗೆ ಹಾಕಿ ಫೋಟೊ ತೆಗೆಯುವುದು ಅವನ ಕಸುಬು.

ನನಗೆ ಲಾಡಿ ಬೇಕು. ಯಾಕೆಂದು ಬರೆದುಕೊಳ್ಳುವುದೇ ಒಳ್ಳೆಯದು. ಹೆಂಡತಿ ಬಿಟ್ಟು ಹೋದ ಮೇಲೆ ಜಗತ್ತೆಲ್ಲ ನನ್ನನ್ನು ಪ್ರಶ್ನೆ ಕೇಳುತ್ತದೆ. ಯಾಕೆ ಹೋದಳು, ಮತ್ತೆ ಯಾವಾಗ ಮದುವೆ, ಯಾಕೆ ಸೊರಗಿದ್ದೀಯ. ಲಾಡಿ ಏನೂ ಕೇಳುವುದಿಲ್ಲ. ಅದಕ್ಕೆ ಕಿವಿಯಿಲ್ಲ, ಕಣ್ಣಿಗೆ ರೆಪ್ಪೆಯೂ ಇಲ್ಲ. ಮಧ್ಯಾಹ್ನದ ಬಿಡುವಿನಲ್ಲಿ ಅದರ ಪಕ್ಕ ಕೂತು ಏನೇ ಹೇಳಿದರೂ ಕಣ್ಣು ಮಿಟುಕಿಸದೆ ನೋಡುತ್ತಿರುತ್ತದೆ. ನನಗೆ ಅಷ್ಟು ಸಾಕು.

ಜನವರಿ 18

ಇವತ್ತು ಪಾಠದ ಕ್ರಮದಲ್ಲಿ ಹೊರಟೆ. ಭೂಪಟವನ್ನು ಗೋಡೆಗೆ ತೂಗುಹಾಕಿ, ಈ ಜಾತಿಯ ಹಾವು ಅಮೆರಿಕದ ಜೋಳದ ಹೊಲಗಳದ್ದು, ಬಲು ಸಾಧು, ಇಲಿ ತಿನ್ನುತ್ತದೆ ಎಂದು ಕೋಲು ಹಿಡಿದು ವಿವರಿಸಿದೆ.

"ಅಷ್ಟು ದೂರದಿಂದ ಬಂದಿದ್ಯಾ ಪಾಪ," ಎಂದಳು ಅಮ್ಮ. "ಹಾಗಾದ್ರೆ ಅದಕ್ಕೂ ಮನೇಲಿ ಕಾಯೋರಿರ್ತಾರೆ. ವಾಪಸ್ ಕಳಿಸು."

"ನಮ್ಮನೇಲಿ ಇಲಿ ಇದ್ಯಲ್ಲಮ್ಮ."

"ಇಲ್ಲ. ಇದ್ರೂ ಅದು ನಮ್ಮೂರಿನ ಇಲಿ. ಚಾಟಿ ಇರೋ ಮನೆಗೆ ಯಾವ ಸೊಸೆ ಕಾಲಿಡ್ತಾಳೆ ಹೇಳು?"

ಹಾವು ಎಂದು ಅಮ್ಮ ಬಾಯಿಬಿಟ್ಟು ಅನ್ನುವುದಿಲ್ಲ. ಹೆಸರು ಹಿಡಿದರೆ ಕರೆದ ಹಾಗಂತೆ, ಬಂದುಬಿಡುತ್ತದಂತೆ. ಅದಕ್ಕೇ ಚಾಟಿ.

"ಚಾಟಿ ಇಲ್ಲದಾಗ ಬಂದೋಳೂ ಹೋದಳಲ್ಲ," ಎಂದುಬಿಟ್ಟೆ.

ಅಮ್ಮ ರಿಮೋಟ್ ತೆಗೆದುಕೊಂಡಳು. ನಮ್ಮ ಮನೆಯಲ್ಲಿ ಮಾತು ಮುಗಿಯುವುದೇ ಹೀಗೆ. ಟಿವಿಯ ಸದ್ದು ಏರುತ್ತದೆ, ನನ್ನ ಕೋಣೆಯ ಬಾಗಿಲು ಮುಚ್ಚುತ್ತದೆ. ಎರಡು ವರ್ಷದಿಂದ ಇದೇ ನಡೆದು ಬಂದಿದೆ, ಇಬ್ಬರಿಗೂ ಒಗ್ಗಿಹೋಗಿದೆ.

ಜನವರಿ 20

ತಂದೇಬಿಟ್ಟೆ! ದಿಂಬಿನ ಚೀಲದಲ್ಲಿ ಹಾಕಿ, ಕೋಟಿನೊಳಗೆ ಎದೆಗೆ ಅವಚಿಕೊಂಡು. ಗಾಜಿನ ಪೆಟ್ಟಿಗೆ ಹೊತ್ತು ಇಸಾತಾಯ್ ಮೇಷ್ಟ್ರು ಹಿಂದೆ ಬಂದರು. ಅದನ್ನು ಬಾಗಿಲಲ್ಲಿಟ್ಟವರೇ ಅಮ್ಮನ ಹೆಜ್ಜೆ ಸದ್ದಿಗೆ ಮೆಟ್ಟಿಲಿಳಿದು ಪರಾರಿ. ಗಂಡಸರು!

ಮೊದಲು ಪೆಟ್ಟಿಗೆಯನ್ನು ಕೋಣೆಯಲ್ಲಿಟ್ಟು ದೀಪ ಹಚ್ಚಿ, ನಂತರ ನಿಧಾನವಾಗಿ ವಿಷಯ ತೆಗೆಯೋಣ ಎಂದುಕೊಂಡಿದ್ದೆ. ಅಷ್ಟರಲ್ಲಿ ಲಾಡಿ ನನ್ನ ಕಾಲರಿನಿಂದ ತಲೆ ಹೊರಹಾಕಿ ನಡುಮನೆಯನ್ನು ನೋಡಿತು. ಅಮ್ಮ ಅದನ್ನು ನೋಡಿದಳು. ಎಪ್ಪತ್ತೆರಡು ವರ್ಷದ, ಮಂಡಿ ಸವೆದ ನನ್ನ ಅಮ್ಮ ಬಾಲ್‌ಶೆಕೆರ್ ಒಂದೇ ನೆಗೆತಕ್ಕೆ ಸೋಫಾ ಮೇಲಿದ್ದಳು.

"ಬಿಳಿ! ಬಿಳಿ ತಾ!"

ಮನೆ ಹೊಕ್ಕ ಹಾವನ್ನು ನಮ್ಮಲ್ಲಿ ಹೊಡೆಯುವುದಿಲ್ಲ, ಓಡಿಸುವುದೂ ಇಲ್ಲ. ಅದರ ತಲೆಯ ಮೇಲೆ ಬಿಳಿ ಸುರಿಯಬೇಕು. ಬಿಳಿ ಅಂದರೆ ಹಾಲು, ಇಲ್ಲವೇ ಹಾಲಿನಿಂದಾದದ್ದು. ಆಮೇಲೆ ಬಾಗಿಲು ತೆರೆದರೆ ಅದು ಹಗೆಯಿಟ್ಟುಕೊಳ್ಳದೆ ಹೊರಟುಹೋಗುತ್ತದೆ. ಬಿಳಿ ಹಾಕದೆ ಹೊರಗಟ್ಟಿದರೆ ಮುನಿಸಿಕೊಂಡು ಹೋಗುತ್ತದೆ, ಅದರ ಮುನಿಸು ಮಕ್ಕಳು ಮರಿಯ ತನಕ ಬಿಡುವುದಿಲ್ಲ. ಇದನ್ನು ಮೀರುವುದು ಅಮ್ಮನ ಕೈಲಾಗದು.

ನಾನು ಫ್ರಿಜ್ ತೆರೆದೆ. ಹಾಲಿರಲಿಲ್ಲ. ಬೆಳಿಗ್ಗೆ ನಾನೇ ಗಂಜಿಗೆ ಹಾಕಿಕೊಂಡು ಮುಗಿಸಿದ್ದೆ.

"ಮೊಸರು?"

"ಇಲ್ಲಮ್ಮ."

"ಕೆನೆ?"

"ಅದೂ ಇಲ್ಲ."

ಅಮ್ಮ ಸೋಫಾ ಮೇಲೆ ನಿಂತೇ ಯೋಚಿಸಿದಳು. "ಸರಿ, ಇವತ್ತೊಂದಿನ ಇರ್ಲಿ," ಎಂದಳು ಕೊನೆಗೆ. "ನಾಳೆ ಹಾಲು ತಾ. ಹಾಕಿ ಕಳಿಸೋಣ."

ಐದು ಮಹಡಿ, ಲಿಫ್ಟಿಲ್ಲ, ಹೊರಗೆ ಮಂಜುಗಡ್ಡೆ, ಅಮ್ಮನ ಮಂಡಿ ಹಾಗೆ. ಅಂಗಡಿಗೆ ಹೋಗುವವನು ನಾನೊಬ್ಬನೇ. ಇದು ನನಗೆ ಹೊಳೆದದ್ದು ಕೈ ತೊಳೆಯುವಾಗ.

ಜನವರಿ 21

ಹಾಲು ತರುವುದನ್ನು ಮರೆತೆ.

ಜನವರಿ 22

ಇವತ್ತೂ ಮರೆತೆ. "ನೀನು ಮಕ್ಕಳಿಗೆ ಏನು ಕಲಿಸ್ತೀಯೋ ದೇವರೇ ಬಲ್ಲ," ಎಂದಳು ಅಮ್ಮ. ಕಪ್ಪು ಚಹಾ ಕುಡಿದು ಮುಖ ಕಿವಿಚಿಕೊಂಡಳು. ಹಾಲಿಲ್ಲದ ಚಹಾವನ್ನು ನಮ್ಮಲ್ಲಿ ಕುಡಿಯುವುದಿಲ್ಲ, ಸಹಿಸಿಕೊಳ್ಳುತ್ತೇವೆ.

ಜನವರಿ 24

ಮರೆವಿಗೂ ಒಂದು ಮಿತಿಯಿದೆ. ಇವತ್ತು ನೇರವಾಗಿ ಹೇಳಿದೆ. "ಅಮ್ಮಾ, ಈ ಮನೆಗೆ ನಾನು ಹಾಲು ತರಲ್ಲ. ಬಿಳಿಯಿಲ್ಲದೆ ಅದನ್ನ ಕಳಿಸೋಕೆ ನಿನ್ನಿಂದ ಆಗಲ್ಲ. ಅದು ಇರುತ್ತೆ."

ಅಮ್ಮ ರಿಮೋಟಿನತ್ತ ನೋಡಿದಳು. ಟಿವಿ ಹಾಕುತ್ತಾಳೆ ಎಂದುಕೊಂಡೆ. ಹಾಕಲಿಲ್ಲ.

"ಹೆತ್ತ ತಾಯಿಗೆ ಹಾಲು ನಿಲ್ಲಿಸ್ತೀಯೇನೋ?"

"ನೀನು ಲಾಡೀನ ಒಪ್ಕೊಳ್ಳೋ ತನಕ."

"ನಿನಗೆ ಒಂದೂವರೆ ವರ್ಷ ಕುಡಿಸಿದ್ದೆ ನಾನು. ಒಂದು ದಿನ ನಿಲ್ಲಿಸಿದ್ನಾ?"

ಭೂಗೋಳದಲ್ಲಿ ತಾಯಿಹಾಲಿನ ಪಾಠವಿಲ್ಲ. ಆದರೂ ಸೋಲಲಿಲ್ಲ. ಊಟದ ತನಕ ವಾದ ನಡೆಯಿತು, ಊಟದಲ್ಲೂ ನಡೆಯಿತು.

ಇನ್ನೊಂದು ತೊಡಕಿತ್ತು. ಎದುರು ಮನೆಯ ಜೋಯಾ ಹೆಗಾಯ್. ಬಜಾರಿನಲ್ಲಿ ಖಾರದ ಕ್ಯಾರೆಟ್ ಪಲ್ಯ ಮಾರುವ ಕೊರಿಯನ್ ಹೆಂಗಸು, ಅಮ್ಮನ ಜೀವದ ಗೆಳತಿ. ಅಮ್ಮ ಬಾಗಿಲು ತಟ್ಟಿ ಕೇಳಿದರೆ ಒಂದು ಲೋಟ ಹಾಲು ಕೊಡದೆ ಇರುತ್ತಾಳೆಯೇ? ಮೆಟ್ಟಿಲಲ್ಲಿ ಸಿಕ್ಕಿದಳು. ಬೇರೇನೂ ತೋಚದೆ, "ಜೋಯಕ್ಕಾ, ಡಾಕ್ಟರು ಅಮ್ಮನಿಗೆ ಹಾಲು ಮುಟ್ಟಲೇಬಾರದು ಅಂದುಬಿಟ್ಟಿದ್ದಾರೆ," ಎಂದೆ.

ಜೋಯಕ್ಕನ ಕೈಯಿಂದ ಕ್ಯಾರೆಟ್ ಚೀಲ ಜಾರಿತು. "ಚಹಾಕ್ಕೂ?"

"ಚಹಾಕ್ಕೂ."

"ಅಯ್ಯೋ," ಎಂದು ಗೋಡೆಗೆ ಒರಗಿದಳು. "ಕಜಾಕ್ ಹೆಂಗಸಿಗೆ ಹಾಲು ಬೇಡ ಅನ್ನೋದಾ? ಸೀದಾ ಸಾಯಿ ಅನ್ನಬಹುದಿತ್ತಲ್ಲ."

ಜನವರಿ 26

ತೀರಿಹೋದ ಅಪ್ಪನ ಹಳೆಯ ಕೋಟಿನ ಜೇಬಿನಲ್ಲಿ ಅಮ್ಮ ಒಣಮೊಸರಿನ ಉಂಡೆಯೊಂದನ್ನು ಪತ್ತೆಹಚ್ಚಿದಳು. ಎಷ್ಟು ವರ್ಷದ್ದೋ. ಅದನ್ನು ಬಟ್ಟಲಲ್ಲಿ ನೆನೆಹಾಕಿ, ಕರಗಲಿ ಎಂದು ಒಲೆ ಪಕ್ಕದಲ್ಲಿಟ್ಟಳು. ಒಣಮೊಸರು ಎಂದರೂ ಬಿಳಿಯೇ. ಅವಳು ತಲೆವಸ್ತ್ರ ಸರಿಮಾಡಿಕೊಳ್ಳಲು ಒಳಗೆ ಹೋದಾಗ ನಾನು ಉಂಡೆಯನ್ನು ಬಾಯಿಗೆ ಹಾಕಿಕೊಂಡು ನೀರನ್ನೂ ಕುಡಿದುಬಿಟ್ಟೆ. ಹೊಗೆಸೊಪ್ಪಿನ ರುಚಿ ಇತ್ತು. ಹಿಂದಿನ ಹಲ್ಲಿಗೆ ತುಂಬಿಸಿದ್ದ ಸಿಮೆಂಟು ಕಿತ್ತು ಬಂತು.

ಅಮ್ಮ ಬಂದು ಖಾಲಿ ಬಟ್ಟಲನ್ನು ನೋಡಿದಳು, ಉಬ್ಬಿದ ನನ್ನ ಕೆನ್ನೆಯನ್ನು ನೋಡಿದಳು.

"ಉಗುಳು."

ತಲೆಯಾಡಿಸಿದೆ.

"ಉಗುಳೋ ಅಂದೆ!"

ಮೂವತ್ತೊಂಬತ್ತು ವರ್ಷದ ಮಗ ಮೇಜಿನ ಸುತ್ತ ಓಡಿದ, ಮಂಡಿ ನೋವಿನ ತಾಯಿ ಅಟ್ಟಿಸಿಕೊಂಡು ಬಂದಳು. ತೆರೆದ ಬಾಗಿಲಾಚೆ, ನನ್ನ ಕೋಣೆಯಲ್ಲಿ, ಲಾಡಿ ಗಾಜಿನ ಹಿಂದಿನಿಂದ ತಲೆಯೆತ್ತಿ ನೋಡುತ್ತಿತ್ತು. ಅಪ್ಪನ ಮೊಸರುಂಡೆಯನ್ನು ಹಾಗೆ ನುಂಗಿದ್ದಕ್ಕೆ ಆಮೇಲೆ ಬೇಸರವಾಯಿತು. ಅಮ್ಮನಿಗೆ ಹೇಳಿದೆ. "ಅವರೂ ಹೀಗೇ, ಸಿಕ್ಕಿದ್ದನ್ನೆಲ್ಲ ಜೇಬಿಗೆ ಹಾಕ್ಕೊಳ್ಳೋರು," ಎಂದು ಅಪ್ಪನ ಜೇಬುಗಳಲ್ಲಿ ಸಿಕ್ಕಿದ್ದ ವಸ್ತುಗಳ ಕಥೆ ತೆಗೆದಳು. ಒಮ್ಮೆ ಜೀವಂತ ಕೋಳಿಮರಿ ಸಿಕ್ಕಿತ್ತಂತೆ. ಇದನ್ನು ನಾನು ಕೇಳಿಯೇ ಇರಲಿಲ್ಲ.

ಜನವರಿ 28

ಕಟ್ಟಡ ಶೋಕದಲ್ಲಿದೆ. ಕೆಳಮನೆಯ ಸೆಯಿಲ್‌ಖಾನ್ ತಾತ ನನ್ನನ್ನು ಕಂಡು ಟೋಪಿ ತೆಗೆದರು. "ಧೈರ್ಯ ತಂದುಕೋ ಮಗಾ. ನಮ್ಮ ಅತ್ತಿಗೆಗೂ ಹೀಗೇ ಹಾಲು ನಿಲ್ಲಿಸಿದ್ದರು. ಆಮೇಲೆ ಆಕೆ ಬಹಳ ದಿನ ಇರಲಿಲ್ಲ," ಎಂದರು. ಎರಡನೇ ಮಹಡಿಯವರು ಕುದುರೆಮಾಂಸದ ಸಾಸೇಜು ಕೊಟ್ಟುಕಳಿಸಿದರು, ಒಂದು ಮೊಳ ಉದ್ದದ್ದು. ನಾಚಿಕೆಯಾಯಿತು. ತಿಂದೆ.

ನಾನು ಶಾಲೆಯ ಕ್ಯಾಂಟೀನಿನಲ್ಲಿ ಕದ್ದು ಹಾಲಿನ ಚಹಾ ಕುಡಿಯುತ್ತಿದ್ದೇನೆ. ಸಂಜೆ ಅಮ್ಮ ನನ್ನನ್ನು ಹತ್ತಿರ ಕರೆದು ಮೂಸಿದಳು.

"ಮೀಸೇಲಿ ಕೆನೆ ಇದೆ."

"ಅದು ಸೀಮೆಸುಣ್ಣ."

"ಸೀಮೆಸುಣ್ಣ ಯಾವಾಗಿಂದ ಘಮಘಮ ಅನ್ನೋಕೆ ಶುರು ಮಾಡ್ತು?"

ಜನವರಿ 30

ಜೋಯಕ್ಕ ಒಂದು ಜಾಡಿ ಸೋಯಾ ಹಾಲು ತಂದಳು. ಅವಳೇ ಕಾಳು ರುಬ್ಬಿ, ಸೋಸಿ ಮಾಡಿದ್ದು. ಡಾಕ್ಟರು ಇದಕ್ಕೆ ಬೇಡ ಅನ್ನಲಾರರು ಎಂದುಕೊಂಡು ತಂದಿರಬೇಕು. ನಾನು ಬರುವಷ್ಟರಲ್ಲಿ ಇಬ್ಬರೂ ಅಡುಗೆಮನೆಯಲ್ಲಿ ಕೂತು ಪಿಸುಗುಡುತ್ತಿದ್ದರು. ನನ್ನನ್ನು ಕಂಡು ಸುಮ್ಮನಾದರು. ನನ್ನ ಸುಳ್ಳು ಸಿಕ್ಕಿಬಿತ್ತು ಎಂದುಕೊಂಡೆ, ಆದರೆ ಅಮ್ಮ ಡಾಕ್ಟರ ಸುದ್ದಿಯನ್ನೇ ಎತ್ತಲಿಲ್ಲ. ಬಚಾವಾದೆ.

ಜಾಡಿಯಲ್ಲಿದ್ದದ್ದು ಮಾತ್ರ ಬೆಳ್ಳಗೆ, ನೊರೆನೊರೆಯಾಗಿ, ಥೇಟ್ ಹಾಲಿನ ಹಾಗೇ ಇತ್ತು. ಅಮ್ಮ ಅದನ್ನು ಬಟ್ಟಲಿಗೆ ಸುರಿದು ನನ್ನ ಕೋಣೆಯ ಹೊಸ್ತಿಲಿಗೆ ಬಂದಳು.

"ಅದು ಬಿಳಿಯಲ್ಲಮ್ಮ! ಅದು ಕಾಳು!"

"ಕಣ್ಣು ಕಾಣಲ್ವಾ? ಬೆಳ್ಳಗಿದೆ."

"ಬೆಳ್ಳಗಿರೋದೆಲ್ಲ ಬಿಳಿಯಾಗಿದ್ರೆ ಹೊರಗಡೆ ಹಿಮ ಬಿದ್ದಿಲ್ವಾ? ಹಿಟ್ಟಿಲ್ವಾ ಮನೇಲಿ?"

"ಹಿಟ್ಟು ಹಾಕೋಕೆ ಅದೇನು ಬಾಣಲೆಗೆ ಬಿಡೋ ಬೋಂಡಾನಾ?" ಎಂದಳು. ಆದರೆ ಕೈ ತಡೆದಳು. ಗೊತ್ತಿಲ್ಲದ್ದನ್ನು ಅತಿಥಿಯ ತಲೆಗೆ ಸುರಿಯಬಾರದು, ದೊಡ್ಡವರನ್ನು ಕೇಳಿಯೇ ಹಾಕೋಣ ಎಂದಳು. ಅವಳು ಅತಿಥಿ ಎಂದದ್ದು ಇದೇ ಮೊದಲು.

ಫೆಬ್ರವರಿ 2

ನಮ್ಮ ಕುಲದ ವಾಟ್ಸ್‌ಆ್ಯಪ್ ಗುಂಪು ಹೊತ್ತಿ ಉರಿಯುತ್ತಿದೆ. ಗುಂಪಿಗೆ ಏಳು ತಲೆಮಾರಿನ ಹಿಂದಿನ ಅಜ್ಜನ ಹೆಸರು, ಒಳಗೆ ನೂರಾರು ಜನ. ಅಮ್ಮ ಧ್ವನಿಸಂದೇಶ ಕಳಿಸಿದ್ದಾಳೆ. "ಸೋಯಾ ಹಾಲು ಬಿಳಿ ಆಗುತ್ತೋ ಇಲ್ವೋ? ಬೇಗ ಹೇಳಿ, ಮನೇಲಿ ಒಬ್ಬರು ಕಾಯ್ತಿದ್ದಾರೆ."

ಉಸ್ಕೆಮೆನ್ನಿನ ಚಿಕ್ಕಪ್ಪ ಒಂಟೆ ಹಾಲು ಬಿಟ್ಟು ಬೇರೆ ಯಾವುದೂ ನಡೆಯದು ಎಂದರು. ಕರಗಂಡಾದ ಅತ್ತೆ, ಹಾಗಾದರೆ ಒಂಟೆಯಿಲ್ಲದ ನಾವೆಲ್ಲ ಹಾವಿನ ಜೊತೆ ಸಂಸಾರ ಮಾಡಬೇಕೇ ಎಂದು ತಿರುಗಿಬಿದ್ದರು. ಯಾರೋ ಗುಲಾಬಿ ಹೂವಿನ ಚಿತ್ರ ಹಾಕಿ ಶುಭ ಭಾನುವಾರ ಎಂದರು. ಮುಲ್ಲಾ ಆಗಿರುವ ನಮ್ಮ ದೊಡ್ಡಪ್ಪನ ಮಗ, ಇದು ನನ್ನ ಇಲಾಖೆಗೆ ಬರುವುದಿಲ್ಲ ಎಂದು ಬರೆದು ಗುಂಪಿನಿಂದಲೇ ಹೊರಟುಹೋದ. ಸಂಜೆಗೆ ಮತದಾನವಾಗಿ, ಮೊಲೆಯಿಂದ ಬಾರದ ಹಾಲು ಯಾರನ್ನೂ ಬೀಳ್ಕೊಡಲಾರದು ಎಂದು ಒಂದು ಮತದ ಅಂತರದಲ್ಲಿ ತೀರ್ಮಾನವಾಯಿತು.

ಕೊನೆಗೆ ಬಿದ್ದ ಆ ಒಂದು ಮತ ಯಾರದೆಂದು ಹುಡುಕಿದೆ. ಅಮ್ಮನದು. ಕೈತಪ್ಪಿ ಒತ್ತಿಬಿಟ್ಟೆ, ಈ ಫೋನೇ ಸರಿಯಿಲ್ಲ ಎಂದಳು. ಪಾಪ, ವಯಸ್ಸಾಯಿತು. ಒಳಗೊಳಗೇ ಕುಣಿದೆ.

ಫೆಬ್ರವರಿ 5

"ಅದು ಊಟ ಮಾಡ್ತಾ?" ಎಂದು ಅಮ್ಮ ಕೇಳಿದಳು. ಪೆಟ್ಟಿಗೆಗೆ ಬೆನ್ನು ಮಾಡಿಕೊಂಡು, ಗೋಡೆಯನ್ನು ಕೇಳುವವಳಂತೆ.

"ವಾರಕ್ಕೊಂದು ಸಲ ಸಾಕಮ್ಮ."

"ವಾರಕ್ಕೊಂದಾ? ಯಾರಾದ್ರೂ ಕೇಳಿಸ್ಕೊಂಡ್ರೆ ಏನಂದಾರು? ಬಾಲ್‌ಶೆಕೆರ್ ಮನೇಲಿ ಅತಿಥಿ ಉಪವಾಸ ಅಂತಾರೆ. ಒಪ್ಪೋದು ಬೇರೆ, ಹಸಿವಲ್ಲಿಡೋದು ಬೇರೆ."

ಫ್ರೀಜರಿನಲ್ಲಿ ಸಾಸೇಜಿನ ಪಕ್ಕ ಕಾಗದದಲ್ಲಿ ಸುತ್ತಿಟ್ಟಿದ್ದ ಇಲಿಯನ್ನು ಬಿಸಿನೀರಿನಲ್ಲಿ ನೆನೆಸಿ, ಚಿಮಟದಲ್ಲಿ ಹಿಡಿದು ತೋರಿಸಿದೆ. ಲಾಡಿ ನುಂಗಿತು. ಅಮ್ಮ ಬೆರಳಸಂದಿನಿಂದ ನೋಡಿದಳು.

"ಅಗಿಯೋದೇ ಇಲ್ಲ," ಎಂದಳು. "ನಿನ್ನ ಬಾವನ ಥರ."

ನಾನು ನಕ್ಕೆ. ಅಲ್ಮಾಟಿಯ ಕುಲ್ಯಾಶ್ ಅಕ್ಕನ ಗಂಡ ನಿಜಕ್ಕೂ ಹಾಗೇ ತಿನ್ನುತ್ತಾನೆ. ಅಮ್ಮನೂ ನಕ್ಕಳು. ಅಮ್ಮನಿಗೆ ಕೆಳಸಾಲಿನಲ್ಲಿ ಒಂದು ಚಿನ್ನದ ಹಲ್ಲಿದೆ. ಅದು ಕಂಡು ಬಹಳ ಕಾಲವಾಗಿತ್ತು. ಈಚೆಗೆ ಶಾಲೆ ಬಿಟ್ಟ ತಕ್ಷಣ ಮನೆಗೆ ಓಡಿಬರುತ್ತೇನೆ. ಬಾರದಿದ್ದರೆ ಅಮ್ಮ ಎಲ್ಲಿಂದಾದರೂ ಹಾಲು ಹುಟ್ಟಿಸಿಬಿಡುತ್ತಾಳೆ.

ಫೆಬ್ರವರಿ 8

ಡಾಕ್ಟರ ಸುಳ್ಳು ಅಲ್ಮಾಟಿ ಮುಟ್ಟಿ, ಅಕ್ಕ ಫೋನಿನಲ್ಲಿ ಗೊಳೋ ಎಂದಳು. "ಅಮ್ಮನಿಗೆ ಏನಾಗಿದೆ ನಿಜ ಹೇಳು! ಹಾಲು ನಿಲ್ಲಿಸಿದಾರೆ ಅಂದ್ರೆ ಕೊನೇ ಹಂತವಾ?" ಫೋನನ್ನು ಅಮ್ಮನಿಗೆ ಕೊಡು ಎಂದಳು. ನನ್ನ ಕಥೆ ಮುಗಿಯಿತು ಎಂದುಕೊಂಡೆ.

ಅಮ್ಮ ಫೋನು ತೆಗೆದುಕೊಂಡು, ನನ್ನ ಮುಖ ನೋಡುತ್ತಲೇ, ನರಳಿದಳು. ಎಂಥ ನರಳಾಟ! "ಹೂಂ ಮಗಳೇ... ಒಂದು ತೊಟ್ಟೂ ಇಲ್ಲ... ನಿನ್ನ ತಮ್ಮ ಇದಾನೆ, ನೋಡ್ಕೋತಾನೆ..."

ಮಧ್ಯಾಹ್ನ ನೋಡಲು ಬಂದವರನ್ನೆಲ್ಲ ಅಮ್ಮ ಕೌದಿಯ ಮೇಲೆ ಒರಗಿ, ರಾಣಿಯ ಹಾಗೆ ಬರಮಾಡಿಕೊಂಡಳು. ಹಲ್ವ, ಒಣದ್ರಾಕ್ಷಿ, ಎರಡು ಶಾಲುಗಳು ಬಂದವು. ಸೆಯಿಲ್‌ಖಾನ್ ತಾತ ಹಾಡೊಂದನ್ನು ಹಾಡಿ ಅತ್ತರು. ಜೋಯಕ್ಕ ಮೂಲೆಯಲ್ಲಿ ಕೆಮ್ಮುತ್ತಿದ್ದಳು, ಮುಖ ಕೆಂಪಗಾಗಿತ್ತು. ಅವಳಿಗೂ ಅಳು ಬಂದಿರಬೇಕು.

ಎಲ್ಲರೂ ಹೋದ ಮೇಲೆ ಅಮ್ಮನ ಕಾಲು ಹಿಡಿದು ಕ್ಷಮೆ ಕೇಳಿದೆ, ಅದು ನಾನು ಕಟ್ಟಿದ ಸುಳ್ಳು ಎಂದೆ. "ಗೊತ್ತಾಯ್ತು ಬಿಡು," ಎಂದಳು. "ಹಲ್ವ ಇತ್ತ ತಳ್ಳು." ಬೈಗುಳಕ್ಕೆ ಕಾದೆ. ಬರಲಿಲ್ಲ. ನಾಳೆ ಬರಬಹುದು.

ಫೆಬ್ರವರಿ 11

ಶಾಲೆಯಿಂದ ಬರುವಾಗ ಅಮ್ಮ ಬಾಗಿಲಲ್ಲೇ ನಿಂತಿದ್ದಳು. "ಬೇಗ ಬಾರೋ, ಅತಿಥಿಗೆ ಏನೋ ಆಗಿದೆ! ಕಣ್ಣೆಲ್ಲ ಮಂಜಾಗಿ ಮೂತಿ ತಿಕ್ತಾ ಇದೆ!"

ಲಾಡಿ ಪೊರೆ ಬಿಡುತ್ತಿತ್ತು, ಅಷ್ಟೇ. ಪೆಟ್ಟಿಗೆಯ ಮುಂದೆ ಇಬ್ಬರೂ ಕೌದಿ ಹಾಸಿಕೊಂಡು ಕೂತು ಕೊನೆಯ ತನಕ ನೋಡಿದೆವು. ಅರ್ಧದಲ್ಲಿ ಅಮ್ಮನಿಗೆ ಸಂಕೋಚವಾಯಿತು. ಬಟ್ಟೆ ಬಿಚ್ಚುವವರನ್ನು ಹೀಗೆ ನೋಡಬಾರದು ಎಂದು ನನ್ನ ಕಣ್ಣಿಗೂ ಕೈ ಅಡ್ಡ ಹಿಡಿದಳು. ಅವಳು ಮಾತ್ರ ನೋಡುತ್ತಿದ್ದಳು.

ಅಲ್ಲೇ ಕೂತು, ಹೆಂಡತಿ ಬಿಟ್ಟು ಹೋದದ್ದು ಯಾಕೆ ಎಂದು ಅಮ್ಮನಿಗೆ ಹೇಳಿದೆ. ಅದೇನು ದೊಡ್ಡ ಜಗಳವಲ್ಲ. ನಾನು ಮಾತೇ ಆಡುವುದಿಲ್ಲ ಎಂಬುದು ಅವಳ ದೂರಾಗಿತ್ತು. ಅಮ್ಮ ಏನೂ ಕೇಳದೆ ಕೇಳಿಸಿಕೊಂಡಳು. ಇದನ್ನೆಲ್ಲ ಲಾಡಿಗೆ ಹೇಳಬೇಕೆಂದಿದ್ದೆ, ಅದು ಪೊರೆ ಬಿಡುವ ಗಡಿಬಿಡಿಯಲ್ಲಿತ್ತು.

ಫೆಬ್ರವರಿ 14

ಸೋತೆ.

ಚಹಾಕ್ಕೆ ಕೂತಿದ್ದೆವು. ಅಮ್ಮ ಬಟ್ಟಲಿಗೆ ಕಪ್ಪು ಚಹಾ ಬಗ್ಗಿಸಿ, ಟಿವಿಯಲ್ಲಿ ಕಂಡ ಯಾರನ್ನೋ ಬೈಯುತ್ತ, ಅಭ್ಯಾಸಬಲದಿಂದ ಹಾಲಿನ ಹೂಜಿಯನ್ನು ಎತ್ತಿ ಬಟ್ಟಲಿಗೆ ಓರೆ ಮಾಡಿದಳು. ಹೂಜಿ ಖಾಲಿ. ಕೈ ಹಾಗೇ ನಿಂತಿತು. ನಾನು ನೋಡಿಬಿಟ್ಟೆನೇನೋ ಎಂದು ಓರೆಗಣ್ಣಿನಲ್ಲಿ ನೋಡಿ, ಏನೂ ಆಗದವಳಂತೆ ಅದನ್ನು ಕೆಳಗಿಟ್ಟಳು.

ಎಂಥ ಮಗ ನಾನು! ಒಂದು ಹಾವಿಗೋಸ್ಕರ ಹೆತ್ತವಳ ಬಟ್ಟಲನ್ನು ಕಪ್ಪು ಮಾಡಿ ಕೂತಿದ್ದೇನೆ. ನಾಳೆ ಹಾಲು ತರುತ್ತೇನೆ. ಅಮ್ಮ ಸುರಿಯಲಿ. ಲಾಡಿಯನ್ನು ಇಸಾತಾಯ್ ಮೇಷ್ಟ್ರು ಯಾರಿಗಾದರೂ ಒಪ್ಪಿಸಲಿ.

ಫೆಬ್ರವರಿ 15

ಬೆಳಿಗ್ಗೆಯೇ ಹೋಗಿ ಹಾಲು ತಂದೆ. ಒಳ್ಳೆಯ ಹಾಲು, ಹಳ್ಳಿಯಿಂದ ಬಂದು ಮೂಲೆಯಲ್ಲಿ ನಿಂತು ಮಾರುವ ಹೆಂಗಸಿನದು, ಬಾಟಲಿಯ ಕೊರಳಲ್ಲಿ ಕೆನೆ ಕಟ್ಟಿತ್ತು. ಮೆಟ್ಟಿಲು ಹತ್ತುವಾಗ ಧೈರ್ಯ ಒಂದೊಂದು ಮಹಡಿಗೂ ಇಳಿಯುತ್ತ ಬಂತು. ಸಂಜೆ ಕೊಡೋಣ, ಲಾಡಿಗೆ ಇನ್ನೊಂದು ಮಧ್ಯಾಹ್ನವಾದರೂ ಸಿಗಲಿ ಎನಿಸಿತು. ಅಮ್ಮ ಕೋಣೆಯಲ್ಲಿದ್ದಳು. ಸದ್ದಾಗದಂತೆ ಬಾಲ್ಕನಿಗೆ ಹೋದೆ. ಅಲ್ಲಿ ಕೆಟ್ಟುಹೋದ ಹಳೆಯ ವಾಷಿಂಗ್ ಮೆಷಿನ್ ಒಂದು ಬಿದ್ದಿದೆ, ಅದರ ಬಾಗಿಲನ್ನು ಯಾರೂ ತೆಗೆಯುವುದಿಲ್ಲ. ತೆಗೆದೆ.

ಒಳಗೆ ಹಾಲಿತ್ತು.

ಐದು ಬಾಟಲಿ, ಕಲ್ಲಿನಂತೆ ಹೆಪ್ಪುಗಟ್ಟಿದ್ದವು. ಅಮ್ಮನ ಹಳೆಯ ತಲೆವಸ್ತ್ರ ಹೊದಿಸಿ, ಸಾಲಾಗಿ ಮಲಗಿಸಿಟ್ಟಿತ್ತು.

"ಇನ್ನೊಂದಕ್ಕೆ ಜಾಗ ಇದ್ಯಾ?" ಎಂದಿತು ಹಿಂದಿನಿಂದ ಅಮ್ಮನ ಧ್ವನಿ.

ತಿರುಗಿದೆ. ನನ್ನ ಕೈಯಲ್ಲಿದ್ದ ಬಾಟಲಿಯನ್ನು ಅವಳು ನೋಡುತ್ತಿದ್ದಳು.

"ಅಮ್ಮಾ, ಇದು?"

"ಹಾಲು."

"ಯಾವಾಗಿಂದ?"

"ಜೋಯಾ ಆ ಕಾಳಿನ ಹಾಲು ತಂದಳಲ್ಲ, ಅವತ್ತೇ ಕೇಳಿದಳು, ಯಾವ ಡಾಕ್ಟರು ಅಂತ. ನಂಗೇನು ಗೊತ್ತು ಯಾವ ಡಾಕ್ಟರು! ಇಬ್ಬರೂ ಬಿದ್ದು ಬಿದ್ದು ನಕ್ಕಿದ್ದಾಯ್ತು. ಆಮೇಲೆ ನೀನಿಲ್ಲದಾಗ ಒಂದೊಂದೇ ತಂದುಕೊಟ್ಟಳು. ಬೇಡ ಅಂದ್ರೆ ಕೇಳಬೇಕಲ್ಲ."

"ಅಂದ್ರೆ... ಆ ಮತದಾನ? ಆ ನರಳಾಟ?"

"ನರಳಾಟ ಚೆನ್ನಾಗಿತ್ತಲ್ವಾ?"

"ಹಾಲಿದ್ರೆ ಹಾಕಿ ಕಳಿಸಬಹುದಿತ್ತಲ್ಲಮ್ಮ ಲಾಡೀನ!"

"ಕಳಿಸಬಹುದಿತ್ತು," ಎಂದಳು ಅಮ್ಮ. ಕಿಟಕಿಯ ಗಾಜಿಗೆ ಅಂಟಿದ್ದ ಹಿಮವನ್ನು ಉಗುರಿನಿಂದ ಕೆರೆಯುತ್ತ ನಿಂತಳು. "ಅದು ಹೋಗಿದ್ರೆ ನೀನೂ ನಿನ್ನ ಕೋಣೆಗೆ ಹೋಗ್ತಿದ್ದೆ. ಬಾಗಿಲು ಹಾಕ್ಕೋತಿದ್ದೆ. ಎರಡು ವರ್ಷ ಆ ಟಿವಿ ಜೊತೆ ಮಾತಾಡಿದೀನಿ ಕಣೋ ನಾನು. ಅದು ಒಂದು ದಿನವಾದ್ರೂ ನನ್ನ ಮಾತಿಗೆ ಎದುರು ಹೇಳಿದ್ಯಾ?"

ಏನೋ ಹೇಳಬೇಕಿತ್ತು, ದೊಡ್ಡದು. "ಮತ್ತೆ ಇಷ್ಟು ದಿನ ಕಪ್ಪು ಚಹಾ ಕುಡಿದೆಯಲ್ಲ?" ಎಂದೆ ಪೆದ್ದನ ಹಾಗೆ.

"ಥೂ," ಎಂದಳು. "ಕುದುರೆಗೂ ಕುಡಿಸಬಾರದು ಅದನ್ನ. ಒಳಗೆ ನಡಿ, ಚಳಿ. ನಡಿ ನನ್ನ ಕುದುರೆಮರಿ."

ಆ ಹೆಸರಿನಿಂದ ಅವಳು ನನ್ನನ್ನು ಕರೆದು ಎಷ್ಟು ಕಾಲವಾಗಿತ್ತೋ. ಆರೂ ಬಾಟಲಿಗಳನ್ನು ಒಳಗೆ ಹೊತ್ತು ತಂದು ಮೇಜಿನ ಮೇಲೆ ನಿಲ್ಲಿಸಿದೆ. ಅಮ್ಮ ಸೊಂಟದ ಮೇಲೆ ಕೈಯಿಟ್ಟು ಅವನ್ನೂ, ನನ್ನ ಕೋಣೆಯ ತೆರೆದ ಬಾಗಿಲಾಚೆ ಪೆಟ್ಟಿಗೆಯಲ್ಲಿ ಸುರುಳಿ ಸುತ್ತಿ ಮಲಗಿದ್ದ ಲಾಡಿಯನ್ನೂ ನೋಡಿದಳು. ಇಷ್ಟು ದಿನ ಅಡಗಿಸಿಟ್ಟದ್ದು ಮನೆಯ ಹೊರಗೆ, ಬಾಲ್ಕನಿಯಲ್ಲಿ. ಈಗ ಗುಟ್ಟು ಬಯಲಾಗಿದೆ, ಮನೆಯೊಳಗೇ ಬಿಳಿಯಿದೆ. ಬಿಳಿಯಿದ್ದೂ ಹಾಕದೆ ಕೂತರೆ ಅದು ಅವಳ ಲೆಕ್ಕದಲ್ಲಿ ದೊಡ್ಡ ತಪ್ಪು.

"ನೋಡ್ತಾ ನಿಂತ್ಕೊಂಡ್ರೆ ಹೇಗೆ?" ಎಂದಳು. "ದೊಡ್ಡ ಪಾತ್ರೆ ತಾ. ಬಿಸಿ ಮಾಡು. ಮನೇಲಿ ಒಂದು ತೊಟ್ಟೂ ಉಳೀಬಾರದು. ಉಳಿದ್ರೆ ಅದರ ತಲೆಗೆ ಹಾಕಬೇಕಾಗುತ್ತೆ."

"ಅಷ್ಟನ್ನೂ ಇಬ್ಬರೇ ಕುಡಿಯೋದಾ?"

"ಹೂಂ. ದಿನಾ ತಾ, ದಿನಾ ಕೂತು ಮುಗಿಸೋಣ. ಉಳಿಸಿದ್ರೆ ಗೊತ್ತಲ್ಲ."

ಜೋಯಕ್ಕನನ್ನು ಸಹಾಯಕ್ಕೆ ಕರೆಯಲೇ ಎಂದೆ. ಅವಳು ಬರುವಾಗ ಇನ್ನೊಂದು ಬಾಟಲಿ ತರುತ್ತಾಳೆ, ಬೇಡ ಎಂದಳು ಅಮ್ಮ.

ಮಧ್ಯಾಹ್ನದಿಂದ ಕುಡಿಯುತ್ತಿದ್ದೇವೆ. ಮೂರು ಬಾಟಲಿ ಮುಗಿದಿವೆ, ನಾಲ್ಕನೆಯದು ಒಲೆಯ ಮೇಲೆ ಕರಗುತ್ತಿದೆ. ಉಸಿರು ತಿರುಗಿಸಿಕೊಳ್ಳಲು ಎದ್ದುಬಂದು ಇದನ್ನು ಬರೆಯುತ್ತಿದ್ದೇನೆ. ಅಮ್ಮ ಅಡುಗೆಮನೆಯಿಂದ ಕೂಗುತ್ತಿದ್ದಾಳೆ, ಚಹಾ ಆರುತ್ತಿದೆಯಂತೆ.